ಕೋಡಿನ ಹಿಡಿಯ ವಾಸನೆ

(ವಾಚನಾಲಯದ ರವಿವಾರದ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಈ ಮೇಜಿನ ಆ ಬದಿಗೆ ಕುಳಿತು ಪತ್ರಿಕೆ ಓದುವದು ನನಗೆ ರೂಢಿ. ಈ ಬದಿಗೆ ನಿಂತು ಮಾತನಾಡುವದು ಇದೇ ಮೊದಲ ಸಲ. "ನಿಮಗೆ ಚೆನ್ನಾಗಿ ತಿಳಿದ ಒಂದು ವಿಷಯ ಹೇಳಿರಿ" ಎಂದು ಕಾರ್ಯದರ್ಶಿಗಳು ಎರಡು ತಿಂಗಳಿಂದ ಬೆನ್ನು ಹತ್ತಿದ್ದರು. ನನಗೆ ಚೆನ್ನಾಗಿ ತಿಳಿದದ್ದು ಕಚೇರಿಯ ಆವಕ-ಜಾವಕ ಪುಸ್ತಕ. ಅದರ ಬಗ್ಗೆ ಹೇಳಿದರೆ ನೀವೆಲ್ಲ ಇಲ್ಲಿಯೇ ನಿದ್ದೆ ಹೋಗುವಿರಿ. ಆದುದರಿಂದ ಮನೆಯಲ್ಲಿ ನನಗೆ ಪಾಠ ಕಲಿಸಿದ ಒಂದು ವಸ್ತುವನ್ನು ಚೀಲದಲ್ಲಿ ತಂದಿದ್ದೇನೆ. ಇದೊಂದು ಕ್ಷೌರದ ಕತ್ತಿ. ಈ ಊರಿನ ಮಾತಿನಲ್ಲಿ ಉಸ್ತರಾ. ಮಡಚುವ ಅಲಗು, ಎಮ್ಮೆಯ ಕೋಡಿನ ಹಿಡಿ. ಅಂಜಬೇಡಿರಿ, ಅಲಗಿನ ಬಾಯಿಗೆ ಕಾಗದ ಕಟ್ಟಿದ್ದೇನೆ.

ನಾನು ಹೇಳಬೇಕೆಂದಿರುವದು ಇದರ ಅಲಗಿನ ವಿಷಯವಲ್ಲ, ಹಿಡಿಯ ವಾಸನೆಯ ವಿಷಯ. ಇದೇನು ಭಾಷಣಕ್ಕೆ ತಕ್ಕ ವಿಷಯವೆ ಎಂದು ಕೆಲವರು ನಗಬಹುದು. ಆದರೆ ನಮ್ಮಲ್ಲಿ ಅನೇಕರ ಮನೆಯ ಟ್ರಂಕಿನಲ್ಲಿ ಊರಿನಿಂದ ಬಂದ ಇಂಥ ಒಂದಲ್ಲ ಒಂದು ವಸ್ತು ಇದ್ದೇ ಇರುತ್ತದೆ: ಅಜ್ಜನ ಕತ್ತಿ, ಕೋಡಿನ ಬಾಚಣಿಗೆ, ಕೋಡಿನ ಹಿಡಿಯ ಚೂರಿ, ಕೈಗೋಲು. ಮಳೆಗಾಲ ಮುಗಿದ ಮೇಲೆ ಟ್ರಂಕು ತೆರೆದಾಗ ಅವು ನಾರುತ್ತವೆ. ಕೆಲವರು ಬಿಸುಡುತ್ತಾರೆ, ಕೆಲವರು ಕುದಿಸಿ ಕೆಡಿಸುತ್ತಾರೆ. ನಾನು ಕೆಡಿಸಿದವರ ಪೈಕಿ.

ನಮ್ಮ ತಂದೆಯವರು ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕ್ಷೌರದ ಕೆಲಸ ಮಾಡುತ್ತಿದ್ದರು. ವರ್ಷವಿಡೀ ಊರವರ ಕ್ಷೌರ ಮಾಡುವದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಜೋಳ ತರುವದು, ಇಷ್ಟೇ ಅವರ ಬದುಕು. ಅವರು ತೀರಿಕೊಂಡ ಮೇಲೆ ನಮ್ಮ ಅಣ್ಣ, "ಇವು ನಿನಗಿರಲಿ" ಎಂದು ಎರಡು ಕತ್ತಿಗಳನ್ನು ಹಡಪದಲ್ಲಿಟ್ಟು ಮುಂಬಯಿಗೆ ಬರುವವರ ಕೈಯಲ್ಲಿ ಕಳಿಸಿದ. ಹಡಪವೆಂದರೆ ಮೊದಲು ಎಲೆ-ಅಡಿಕೆಯ ಚೀಲ. 12ನೆಯ ಶತಮಾನದಲ್ಲಿ ಬಸವಣ್ಣನವರ ಬಳಿಯಲ್ಲಿದ್ದ ಹಡಪದ ಅಪ್ಪಣ್ಣನವರ ಹೆಸರು ಅದರಿಂದಲೇ ಬಂದದ್ದು. ಕ್ಷೌರಿಕನ ಸಾಮಾನಿನ ಚೀಲಕ್ಕೂ ನಮ್ಮ ಕಡೆ ಅದೇ ಹೆಸರು.

ಆ ಹಡಪವನ್ನು ನಾನು ಮಂಚದ ಕೆಳಗಿನ ಟ್ರಂಕಿನಲ್ಲಿಟ್ಟು ಮರೆತೆ. ನಿಜ ಹೇಳಬೇಕೆಂದರೆ, ಮರೆಯಲೆಂದೇ ಅಲ್ಲಿಟ್ಟೆ. ಕಚೇರಿಯಲ್ಲಿ ಯಾರಾದರೂ "ನಿಮ್ಮ ತಂದೆಯವರದು ಏನು ಉದ್ಯೋಗ?" ಎಂದು ಕೇಳಿದರೆ "ಊರಲ್ಲಿ ಒಕ್ಕಲುತನ" ಎಂದು ಹೇಳಿಕೊಂಡು ಬಂದವನು ನಾನು. ನಮಗೆ ಅಲ್ಲಿ ಗೇಣು ಹೊಲವೂ ಇರಲಿಲ್ಲ.

ಮಹಾನವಮಿಗೆ ಖಂಡೇಪೂಜೆ ಬಂತು. ಮನೆಯಲ್ಲಿ ಆಯುಧವೆಂದರೆ ಈಳಿಗೆ, ಸುತ್ತಿಗೆ, ಕತ್ತರಿ. ಕೂಡ ಅಪ್ಪನ ಕತ್ತಿಗಳನ್ನೂ ಇಡೋಣವೆಂದು ಟ್ರಂಕು ತೆರೆದೆ. ಒಂದೇ ಖೋಲಿಯ ಮನೆ. ವಾಸನೆ ಅಡಿಗೆಯ ಮೂಲೆಯವರೆಗೂ ಹೋಯಿತು. "ಅದನ್ನ ದೇವರ ಮುಂದ ಇಡಬ್ಯಾಡ್ರಿ, ನಾರಾಕತ್ತೈತಿ" ಎಂದರು ನಮ್ಮ ಮನೆಯವರು. ಮಕ್ಕಳು ಮೂಗು ಮುಚ್ಚಿಕೊಂಡರು. ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಆ ಸಿಟ್ಟಿನಲ್ಲಿಯೇ ಒಂದು ಪಾತ್ರೆಯಲ್ಲಿ ನೀರು ಕುದಿಸಿ, ಬಟ್ಟೆ ಒಗೆಯುವ ಸೋಡಾ ಹಾಕಿ, ಚಿಕ್ಕ ಕತ್ತಿಯನ್ನು ಅದರಲ್ಲಿ ಮುಳುಗಿಸಿದೆ.

ಕಾಲು ಗಂಟೆಯಲ್ಲಿ ತೆಗೆದು ನೋಡುತ್ತೇನೆ: ಕಪ್ಪಗೆ ಹೊಳೆಯುತ್ತಿದ್ದ ಹಿಡಿ ಬೂದಿ ಬಣ್ಣಕ್ಕೆ ತಿರುಗಿದೆ. ಅದರ ಎರಡು ಹೋಳುಗಳು ಬಿಸಿಲಿಗೆ ಬಿದ್ದ ಹಪ್ಪಳದ ಹಾಗೆ ಹೊರಕ್ಕೆ ಬಾಗಿವೆ. ಮೊಳೆ ಸಡಿಲಾಗಿ ಅಲಗು ಅತ್ತಿತ್ತ ಅಲ್ಲಾಡುತ್ತಿದೆ. ಖೋಲಿಯ ತುಂಬ ಕೂದಲು ಬೇಯಿಸಿದಂಥ ನಾತ. ಎಂಟು ದಿನಗಳಲ್ಲಿ ಮೊಳೆಯ ಸುತ್ತ ಬಿರುಕು ಬಿಟ್ಟಿತು. ಅಣ್ಣನಿಗೆ ಫೋನು ಮಾಡಿ ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಮ್ಮಾ, ಅಪ್ಪ ಆ ಹಿಡೀನ ಒಂದ ದಿನಾನೂ ನೀರಾಗ ಅದ್ದಿರಲಿಲ್ಲೋ" ಎಂದ. ಅಷ್ಟೇ ಮಾತು. ದೊಡ್ಡ ಕತ್ತಿಯನ್ನಾದರೂ ಉಳಿಸಿಕೊಳ್ಳಬೇಕೆಂದು ಅಂದಿನಿಂದ ನಾನು ಓದತೊಡಗಿದೆ, ಕೇಳತೊಡಗಿದೆ. ತಿಳಿದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲು, ಕೋಡು ಎಂದರೇನು? ದನ, ಎಮ್ಮೆ, ಆಡು, ಕುರಿಗಳ ಕೋಡು ಎಲುಬಲ್ಲ. ಒಳಗೆ ಎಲುಬಿನ ಒಂದು ತಿರುಳು ಇರುತ್ತದೆ. ಅದರ ಮೇಲೆ ಕವಚದಂತೆ ಬೆಳೆದದ್ದು ಕೋಡು. ಜಿಂಕೆಯ ಕವಲುಗೋಡು ಬೇರೆ. ಅದು ಎಲುಬೇ, ವರ್ಷಕ್ಕೊಮ್ಮೆ ಉದುರಿ ಮತ್ತೆ ಬೆಳೆಯುತ್ತದೆ. ದನದ ಕೋಡು ಉದುರುವದಿಲ್ಲ. ಅದು ಕೆರಟಿನ್ ಎಂಬ ಪದಾರ್ಥದಿಂದ ಆದದ್ದು. ನಮ್ಮ ಉಗುರು, ನಮ್ಮ ಕೂದಲು, ದನದ ಗೊರಸು ಎಲ್ಲವೂ ಅದೇ ಕೆರಟಿನ್. ಆದುದರಿಂದ ಈ ಕತ್ತಿ ತನ್ನ ಹಿಡಿಯ ಒಡಹುಟ್ಟಿದ್ದನ್ನೇ ದಿನಾಲು ಬೋಳಿಸುತ್ತಿತ್ತು ಎಂದರೂ ಸರಿಯೆ.

ಕೆರಟಿನ್‌ನಲ್ಲಿ ಗಂಧಕ ಇದೆ. ಗಂಧಕವುಳ್ಳ ಸಿಸ್ಟೀನ್ ಎಂಬ ಅಂಶವನ್ನು 1899ರಲ್ಲಿ ಮೋರ್ನರ್ ಎಂಬ ಸ್ವೀಡನ್ನಿನ ವಿಜ್ಞಾನಿ ಬೇರ್ಪಡಿಸಿ ತೆಗೆದದ್ದು ಹಸುವಿನ ಕೋಡಿನಿಂದಲೇ. ಕೂದಲು ದೀಪಕ್ಕೆ ತಾಗಿದಾಗ ಬರುವ ನಾತ ನಿಮಗೆ ಗೊತ್ತು. ಕೋಡನ್ನು ಕೊರೆದಾಗ, ಅರ ಹಾಕಿ ತಿಕ್ಕಿದಾಗ, ಕಾಯಿಸಿದಾಗ ಬರುವದೂ ಅದೇ ನಾತ. ಕಾರಹುಣ್ಣಿಮೆಯ ಮುಂಚೆ ಎತ್ತಿನ ಕೋಡು ಹೆರೆಯುವಾಗ ಹತ್ತಿರ ನಿಂತವರಿಗೆ ಇದರ ನೆನಪು ಇರಬಹುದು. ಹೆರೆದು ನಯಮಾಡಿ, ಎಣ್ಣೆ ಹಚ್ಚಿ, ಹುರಮಂಜು ಬಳಿದ ಮೇಲೆ ಎತ್ತಿನ ಕೋಡು ನಾರುವದಿಲ್ಲ. ಅಂದರೆ ಕೋಡಿಗೆ ತನ್ನದೆಂಬ ವಾಸನೆ ಉಂಟು, ಆದರೆ ಬಹಳ ಕಡಿಮೆ. ಹೊಸದಾಗಿ ಕೊರೆದಾಗ, ತೊಯ್ದಾಗ, ಬಿಸಿಯಾದಾಗ ಮಾತ್ರ ಅದು ಎದ್ದು ಬರುತ್ತದೆ.

ಇಂಗ್ಲೆಂಡಿನ ಶೆಫೀಲ್ಡ್ ಮತ್ತು ಜರ್ಮನಿಯ ಸೋಲಿಂಗೆನ್ ಕ್ಷೌರದ ಕತ್ತಿಗಳಿಗೆ ಹೆಸರಾದ ಊರುಗಳು. ಶೆಫೀಲ್ಡಿನಲ್ಲಿ 1740ರ ಸುಮಾರಿಗೆ ಬೆಂಜಮಿನ್ ಹಂಟ್ಸ್‌ಮನ್ ಎಂಬಾತ ಮೂಸೆಯಲ್ಲಿ ಉಕ್ಕು ಕರಗಿಸುವ ಬಗೆಯನ್ನು ಕಂಡುಹಿಡಿದ ಮೇಲೆ ಅಲ್ಲಿಯ ಅಲಗುಗಳಿಗೆ ಬೆಲೆ ಬಂತು. ಹಿಡಿಗೆ ಅಗ್ಗವಾಗಿ ಸಿಕ್ಕುತ್ತಿದ್ದದ್ದು ಕೋಡು. ಕೋಡನ್ನು ವಾರಗಟ್ಟಲೆ ನೀರಿನಲ್ಲಿ ಕೊಳೆಯಿಸಿ ಒಳಗಿನ ಎಲುಬಿನ ತಿರುಳನ್ನು ಕಳಚುತ್ತಿದ್ದರು. ಬಳಿಕ ಬಿಸಿಯಲ್ಲಿ ಮೆತ್ತಗೆ ಮಾಡಿ, ಸೀಳಿ, ಅಚ್ಚಿನಲ್ಲಿ ಒತ್ತಿ ಚಪ್ಪಟೆ ಮಾಡುತ್ತಿದ್ದರು. ಇದೇ ನನ್ನ ಚಿಕ್ಕ ಕತ್ತಿ ಕೆಟ್ಟುಹೋದುದರ ಗುಟ್ಟು. ಬಿಸಿಯಲ್ಲಿ ಒತ್ತಿ ಚಪ್ಪಟೆ ಮಾಡಿದ ಕೋಡು ಮತ್ತೆ ಬಿಸಿನೀರು ಕಂಡರೆ ತನ್ನ ಹಳೆಯ ಬಾಗಿಗೆ ತಿರುಗಲು ನೋಡುತ್ತದೆ. ಅದರ ಮೇಲೆ ಸೋಡಾದಂಥ ಕ್ಷಾರ ಬಿದ್ದರೆ ಕೆರಟಿನ್ ಸಡಿಲಾಗುತ್ತದೆ. ಬಟ್ಟೆ ಬಿಳುಪು ಮಾಡುವ ಬ್ಲೀಚು ಇನ್ನೂ ಕೆಟ್ಟದ್ದು. ಅದು ಕೂದಲನ್ನು ಕರಗಿಸುವಂತೆ ಕೋಡನ್ನೂ ತಿನ್ನುತ್ತದೆ.

ಈಗ ವಾಸನೆಯ ವಿಷಯ. ಮದ್ದಿಗಿಂತ ಮೊದಲು ರೋಗ ಯಾವುದೆಂದು ನೋಡಬೇಕು. ಹಳೆಯ ಕತ್ತಿಯಲ್ಲಿ ಸಾಮಾನ್ಯವಾಗಿ ಐದು ಬಗೆಯ ವಾಸನೆ ಇರಬಹುದು.

ಒಂದನೆಯದು ಕಮಟು. ಹಳೆಯ ಎಣ್ಣೆಯ ಡಬ್ಬಿಯ ತಳದಲ್ಲಿ ಬರುತ್ತದಲ್ಲ, ಅದು. ನಮ್ಮ ಅಪ್ಪ ಹಿಡಿಗೂ ಕೀಲಿಗೂ ಕುಸುಬಿ ಎಣ್ಣೆ ಹಚ್ಚುತ್ತಿದ್ದರು. ಮನೆಯಲ್ಲಿದ್ದದ್ದು ಅದೇ. ಕುಸುಬಿ ಎಣ್ಣೆ ತಿನ್ನಲಿಕ್ಕೆ ಉತ್ತಮ, ಆದರೆ ಅದು ಗಾಳಿಗೆ ಬೇಗ ಕೆಟ್ಟು ಅಂಟಾಗಿ ಒಣಗುವ ಜಾತಿಯದು. ಆ ಗುಣಕ್ಕಾಗಿಯೇ ಬಣ್ಣ ತಯಾರಿಸುವವರೂ ಅದನ್ನು ಬಳಸುತ್ತಾರೆ. ದಿನಾಲು ಕೆಲಸ ಮಾಡಿ ದಿನಾಲು ಒರೆಸುವಾಗ ಅದು ಸಂಗ್ರಹವಾಗಲಿಲ್ಲ. ಟ್ರಂಕಿನಲ್ಲಿ ಸುಮ್ಮನೆ ಬಿದ್ದಾಗ ಒಳಗಿನ ಸಂದಿಯಲ್ಲಿ ಉಳಿದದ್ದು ಕೆಟ್ಟಿತು. ಹಿತ್ತಾಳೆಯ ಮೊಳೆಯ ಸುತ್ತ ಹಸಿರು ಕಿಲುಬು ಕಂಡರೆ ತಿಳಿಯಿರಿ, ಅದು ಕೆಟ್ಟ ಎಣ್ಣೆಯ ಆಮ್ಲ ಹಿತ್ತಾಳೆಯನ್ನು ತಿಂದ ಗುರುತು.

ಎರಡನೆಯದು ಮುಗ್ಗು. ಮುಂಬಯಿಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನದಿಂದ ಸಪ್ಟೆಂಬರದ ಒಳಗೇ ಬೀಳುತ್ತದೆ. ಆಗ ಗೋಡೆಯೇ ಬೆವರುತ್ತದೆ. ಕೋಡು ಗಾಳಿಯ ತೇವವನ್ನು ಹೀರುತ್ತದೆ. ಅದರ ಮೇಲೆ ಸಾಬೂನಿನ ಪದರ, ಚರ್ಮದ ಕೊಳೆ, ಎಣ್ಣೆ ಇದ್ದರೆ ಬೂಸು ಹಿಡಿಯಲು ಬೇರೆ ಏನೂ ಬೇಡ.

ಮೂರನೆಯದು ಕೋಡಿನ ಸ್ವಂತ ವಾಸನೆ: ತೊಯ್ದ ದನದ ಹಾಗೆ, ಕೊಟ್ಟಿಗೆಯ ಹಾಗೆ. ಹಿಡಿ ಹೊಸದಾಗಿದ್ದರೆ ಅಥವಾ ಮೇಲ್ಮೈ ಕಿತ್ತು ಒರಟಾಗಿದ್ದರೆ ಇದು ಹೆಚ್ಚು.

ನಾಲ್ಕನೆಯದು ಎರವಲು ವಾಸನೆ: ಡಾಂಬರ ಗುಳಿಗೆ, ತಂಬಾಕು, ಅತ್ತರು. ಟ್ರಂಕಿನಲ್ಲಿ ಜೊತೆಗಿದ್ದುದರ ವಾಸನೆ ಕೋಡಿಗೂ ಎಣ್ಣೆಗೂ ಹತ್ತುತ್ತದೆ.

ಐದನೆಯದು ಕರ್ಪೂರದ ವಾಸನೆ, ಇಲ್ಲವೆ ಮೂಗಿಗೆ ಚುಚ್ಚುವ ಹುಳಿ ಘಾಟು. ಇದು ಬಂದರೆ ಎಚ್ಚರ! ಆ ಹಿಡಿ ಕೋಡೇ ಅಲ್ಲದಿರಬಹುದು. 1870ರಲ್ಲಿ ಅಮೆರಿಕದ ಹಯಟ್ ಸಹೋದರರು ಸೆಲ್ಯುಲಾಯ್ಡಿಗೆ ಪೇಟೆಂಟ್ ಪಡೆದರು. ನೈಟ್ರೊಸೆಲ್ಯುಲೋಸು ಮತ್ತು ಕರ್ಪೂರ ಸೇರಿಸಿ ಮಾಡಿದ ಈ ಪದಾರ್ಥವನ್ನು ಕೋಡು, ದಂತ, ಆಮೆ ಚಿಪ್ಪಿನ ಹಾಗೆ ಕಾಣುವಂತೆ ಮಾಡಿ ಕತ್ತಿಗಳಿಗೆ ಹಾಕುತ್ತಿದ್ದರು. ಅದು ಹಳತಾದಂತೆ ಕೊಳೆಯುತ್ತ ಒಂದು ಆಮ್ಲದ ಹವೆಯನ್ನು ಬಿಡುತ್ತದೆ. ಹಿಡಿಯೊಳಗೆ ಮಡಚಿದ ಅಲಗು ಆ ಹವೆಗೆ ತುಕ್ಕು ಹಿಡಿಯುತ್ತದೆ. ಪಕ್ಕದಲ್ಲಿಟ್ಟ ಬೇರೆ ಕತ್ತಿಗಳಿಗೂ ಹಾನಿ. ಇಂಥದನ್ನು ಬೇರೆಯಾಗಿ, ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ ಇಡಬೇಕು. ಕೋಡೋ ಅಲ್ಲವೋ ಎಂದು ನೋಡಲು ಕಾದ ಸೂಜಿ ಚುಚ್ಚಬೇಕೆಂದು ಕೆಲವರು ಹೇಳುತ್ತಾರೆ. ಖಂಡಿತ ಹಾಗೆ ಮಾಡಬೇಡಿರಿ. ಸೆಲ್ಯುಲಾಯ್ಡಾಗಿದ್ದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಬೆರಳಿನಿಂದ ಜೋರಾಗಿ ತಿಕ್ಕಿ ಬೆಚ್ಚಗಾದ ಮೇಲೆ ಮೂಸಿದರೆ ಸಾಕು. ಬೆಳಕಿಗೆ ಹಿಡಿದು ನೋಡಿದರೆ ಕೋಡಿನಲ್ಲಿ ನಾರಿನಂಥ ಗೆರೆಗಳೂ ಪದರಗಳೂ ಕಾಣುತ್ತವೆ.

ಇನ್ನು ದೊಡ್ಡ ಕತ್ತಿಗೆ ನಾನು ಮಾಡಿದ ಚಿಕಿತ್ಸೆ. ಖರ್ಚು ಬಹಳಿಲ್ಲ, ತಾಳ್ಮೆ ಬೇಕು.

ಮೊದಲು ಅಲಗಿನ ಬಾಯಿಗೆ ದಪ್ಪ ಕಾಗದ ಮಡಚಿ ದಾರದಿಂದ ಕಟ್ಟಿದೆ. ಇದನ್ನು ಬಿಡಬೇಡಿರಿ. ಹಿಡಿ ಒರೆಸುವಾಗಲೇ ಕೈ ಕೊಯ್ದುಕೊಳ್ಳುವವರು ಹೆಚ್ಚು. ಬಳಿಕ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ, ಒಣಗಿದ್ದಾಗಲೇ, ಹಿಡಿಯ ಹೊರಗೂ ಎರಡು ಹೋಳುಗಳ ನಡುವಿನ ಸಂದಿಯಲ್ಲೂ ಇದ್ದ ಕಸ ತೆಗೆದೆ. ವಾಸನೆಯ ಮನೆ ಹೊರಗಿಲ್ಲ, ಆ ಸಂದಿಯಲ್ಲಿದೆ. ಅಪ್ಪ ಬೋಳಿಸಿದ ಕೂದಲಿನ ಪುಡಿ, ಸಾಬೂನು, ಎಣ್ಣೆ ಸೇರಿ ಮೇಣದಂತಾಗಿ ಅಲ್ಲಿ ಕುಳಿತಿತ್ತು. ಬಿದಿರಿನ ಕಡ್ಡಿಯನ್ನು ಚಪ್ಪಟೆಯಾಗಿ ಹೆರೆದು ಮೆಲ್ಲಗೆ ಕೆರೆದೆ. ಕಬ್ಬಿಣದ ಮೊಳೆ, ಸೂಜಿ ಹಾಕಿದರೆ ಕೋಡಿನ ಪದರ ಏಳುತ್ತದೆ.

ಹಿಡಿಯ ತುದಿಯಲ್ಲಿ ಎರಡು ಹೋಳುಗಳ ನಡುವೆ ಒಂದು ಬೆಣೆ ಇರುತ್ತದೆ. ಹಳೆಯ ಶೆಫೀಲ್ಡ್ ಕತ್ತಿಗಳಲ್ಲಿ ಅದು ಅನೇಕ ಸಲ ಸೀಸದ್ದು. ಅದರ ಮೇಲೆ ಬಿಳಿಯ ಪುಡಿ ಕಂಡರೆ ಬೂಸು ಎಂದು ಊದಬೇಡಿರಿ, ಉಗುರಿನಿಂದ ಕೆರೆಯಬೇಡಿರಿ. ಅದು ಸೀಸದ ಕಿಲುಬು, ವಿಷ. ತೇವದ ಚಿಂದಿಯಿಂದ ಒರೆಸಿ, ಆ ಚಿಂದಿಯನ್ನು ಬಿಸುಟು, ಕೈ ತೊಳೆದುಕೊಳ್ಳಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು.

ಬಳಿಕ ಉಗುರು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಮೈ ತೊಳೆಯುವ ಸಾಬೂನು ಕದಡಿ, ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಅದರಿಂದ ಒರೆಸಿದೆ. ಹಿಡಿಯನ್ನು ಅದ್ದಲಿಲ್ಲ. ಸಂದಿಯೊಳಗೆ ಬಟ್ಟೆಯ ಉದ್ದನ್ನ ಪಟ್ಟಿಯನ್ನು ತೂರಿಸಿ, ಬೂಟಿಗೆ ಹೊಳಪು ಕೊಡುವವರಂತೆ ಅತ್ತಿತ್ತ ಎಳೆದೆ. ಪಟ್ಟಿ ಕಪ್ಪಾಗಿ ಬಂತು. ಬೇರೆ ಪಟ್ಟಿ. ಅದೂ ಕಪ್ಪು. ಆರನೆಯ ಪಟ್ಟಿಗೆ ಬಣ್ಣ ತಿಳಿಯಾಯಿತು. ಬರಿ ನೀರಿನ ಬಟ್ಟೆಯಿಂದ ಸಾಬೂನು ತೆಗೆದು, ಕೂಡಲೇ ಒಣ ಬಟ್ಟೆಯಿಂದ ಒರೆಸಿದೆ. ತೇವ ತಾಗುವ ಕೆಲಸವೆಲ್ಲ ಒಂದೆರಡು ನಿಮಿಷದಲ್ಲಿ ಮುಗಿಯಬೇಕು. ಬೇಕಾದರೆ ಮರುದಿನ ಮತ್ತೆ ಮಾಡಬೇಕು.

ಅಂಟು ಎಣ್ಣೆ ಸಾಬೂನಿಗೆ ಬಗ್ಗದಿದ್ದರೆ ಔಷಧದ ಅಂಗಡಿಯ ಸರ್ಜಿಕಲ್ ಸ್ಪಿರಿಟ್ಟನ್ನು ಬಟ್ಟೆಯ ತುದಿಗೆ ತುಸು ಹಾಕಿ ಒರೆಸಬಹುದು. ಕಿಟಕಿ ತೆರೆದಿರಬೇಕು, ಒಲೆ ಆರಿರಬೇಕು. ಹೆಚ್ಚು ಸಲ ಹಚ್ಚಿದರೆ ಕೋಡು ಒಣಗಿ ಬಿರುಸಾಗುತ್ತದೆ.

ಬಳಿಕ ಅಲಗನ್ನು ಅರ್ಧ ತೆರೆದು ನೆರಳಿನಲ್ಲಿ, ಪಂಖದ ಗಾಳಿಗೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಎರಡು ದಿನ ಇಟ್ಟೆ. ಬಿಸಿಲಲ್ಲ, ನೆರಳು. ಬಿಸಿಲಿಗೆ ಕೋಡು ಒಂದು ಕಡೆಯಿಂದ ಒಣಗಿ ಬಾಗುತ್ತದೆ, ಪದರ ಬಿಡುತ್ತದೆ.

ಉಳಿದ ವಾಸನೆಗೆ ಇದ್ದಲಿ. ಒಂದು ಬಿಸ್ಕೀಟಿನ ಡಬ್ಬಿಯ ತಳದಲ್ಲಿ ಇದ್ದಲಿಯ ಚೂರುಗಳನ್ನು ಹಾಕಿ, ಒಂದು ಚಿಕ್ಕ ಬಟ್ಟಲಲ್ಲಿ ಅಡಿಗೆ ಸೋಡಾ ಇಟ್ಟು, ಎರಡಕ್ಕೂ ತಾಗದಂತೆ ಕತ್ತಿಯನ್ನು ಕಾಗದದ ಮೇಲಿಟ್ಟು ಮುಚ್ಚಿದೆ. ಇದ್ದಲಿಯ ಸೂಕ್ಷ್ಮ ರಂಧ್ರಗಳಿಗೆ ವಾಸನೆಯ ಕಣಗಳು ಅಂಟಿಕೊಳ್ಳುತ್ತವೆ. ಸೋಡಾ ಹುಳಿ ಹವೆಯನ್ನು ಹೀರುತ್ತದೆ. ಒಗೆಯುವ ಸೋಡಾ ಅಲ್ಲ, ಅಡಿಗೆಯದು. ಅದೂ ಕೋಡಿಗೆ ಹಚ್ಚಲಿಕ್ಕಲ್ಲ, ಹತ್ತಿರ ಇಡಲಿಕ್ಕೆ. ಅಂಗಡಿಯ ಆಕ್ಟಿವೇಟೆಡ್ ಇದ್ದಲಿ ಸಿಕ್ಕರೆ ಇನ್ನೂ ಉತ್ತಮ. ವಾರಕ್ಕೊಮ್ಮೆ ತೆರೆದು, ಗಾಳಿಗೆ ಹಿಡಿದು, ಸೋಡಾ ಬದಲಿಸಿದೆ. ಹೀಗೆ ಮೂರು ವಾರ.

ಕೊನೆಗೆ ಎಣ್ಣೆ. ಕುಸುಬಿ, ಕೊಬ್ಬರಿ, ಸೇಂಗಾ, ಎಳ್ಳು ಯಾವ ತಿನ್ನುವ ಎಣ್ಣೆಯೂ ಬೇಡ. ಕೊಬ್ಬರಿ ಎಣ್ಣೆ ಉಳಿದವುಗಳಿಗಿಂತ ತಡವಾಗಿ ಕೆಡುತ್ತದೆ, ಆದರೆ ತೇವ ಸೇರಿದರೆ ಅದೂ ಕಮಟಾಗುತ್ತದೆ. ಔಷಧದ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಸಿಗುತ್ತದೆ. ಅದು ಖನಿಜ ಎಣ್ಣೆ, ಕಮಟು ಬರುವದಿಲ್ಲ, ವಾಸನೆಯಿಲ್ಲ. ಅದರ ಎರಡು ಹನಿಯನ್ನು ಬಟ್ಟೆಗೆ ಹಾಕಿ ಹಿಡಿಗೆ ತಿಕ್ಕಿ, ಕಾಲು ಗಂಟೆಯ ನಂತರ ಪೂರ್ತಿ ಒರೆಸಿ ತೆಗೆದೆ. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಅಲಗಿಗೂ ಅದೇ ತೆಳುವಾಗಿ, ಇಲ್ಲವಾದರೆ ತುಕ್ಕು.

ಮೇಲ್ಮೈ ಒರಟಾಗಿದ್ದರೆ ಬಹಳ ನಯವಾದ ಉಪ್ಪುಕಾಗದದಿಂದ ತಿಕ್ಕಿ ಹೊಳಪು ಕೊಡಬಹುದು. ನಯವಾದ ಮೇಲ್ಮೈಯಲ್ಲಿ ಕೊಳೆಯೂ ತೇವವೂ ನಿಲ್ಲುವದು ಕಡಿಮೆ. ಆದರೆ ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡು, ಹೊರಗೆ ಕುಳಿತು ಮಾಡಿರಿ. ಕೋಡು, ಉಣ್ಣೆ, ಕೂದಲುಗಳ ಕೆಲಸದವರಿಗೆ ಹಿಂದೆ ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ತಾಗುತ್ತಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ, ಬ್ರಿಟನ್ನುಗಳಲ್ಲಿ ಸರಿಯಾಗಿ ಶುದ್ಧಿಮಾಡದ ಕುದುರೆ ಕೂದಲಿನ ಕ್ಷೌರದ ಕುಂಚಗಳಿಂದಲೇ ಜನ ಆ ರೋಗಕ್ಕೆ ತುತ್ತಾದರು. ಹಳೆಯ ಹಿಡಿಯಿಂದ ಹಾಗಾಗುವದು ತೀರ ಅಪರೂಪ. ಆದರೂ ಧೂಳು ಒಳಗೆ ಎಳೆದುಕೊಳ್ಳುವದು ಎಂದಿಗೂ ಒಳ್ಳೆಯದಲ್ಲ. ಹಿಡಿಯಲ್ಲಿ ಚಿಕ್ಕ ತೂತು, ಕೆಳಗೆ ರವೆಯಂಥ ಪುಡಿ ಕಂಡರೆ ಉಣ್ಣೆ ತಿನ್ನುವ ಹುಳವೇ ಕೋಡನ್ನೂ ತಿನ್ನುತ್ತಿದೆ ಎಂದು ತಿಳಿದು, ಟ್ರಂಕಿನಲ್ಲಿದ್ದ ಕಂಬಳಿ, ಸ್ವೆಟರುಗಳನ್ನೂ ಝಾಡಿಸಿ ನೋಡಬೇಕು.

ಇನ್ನೊಂದು ಮಾತು, ಇದು ವಾಸನೆಗಿಂತ ದೊಡ್ಡದು. ವಾಸನೆ ಹೋಯಿತೆಂದರೆ ಕತ್ತಿ ಶುದ್ಧವಾಯಿತೆಂದು ಅಲ್ಲ. ನಾವು ಬಂದ ಹೊಸದರಲ್ಲಿ ಒಂದು ಖೋಲಿಯಲ್ಲಿ ಎಂಟು ಜನ ಇರುತ್ತಿದ್ದೆವು; ಸಾಬೂನು ಒಂದು, ಕನ್ನಡಿ ಒಂದು, ಕ್ಷೌರದ ಸಾಮಾನೂ ಒಂದೇ. ಇಂದಿಗೂ ಅನೇಕ ಖೋಲಿಗಳಲ್ಲಿ ಹಾಗೆಯೇ ಇರಬಹುದು. ದಯವಿಟ್ಟು ಬಿಡಿರಿ. ಕಾಮಾಲೆ ತರುವ ಹೆಪಟೈಟಿಸ್ ಬಿ ರೋಗಾಣು ಒಣಗಿದ ರಕ್ತದ ಕಲೆಯಲ್ಲಿ ಕನಿಷ್ಠ 7 ದಿನ ಜೀವ ಹಿಡಿದಿರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಎಚ್.ಐ.ವಿ. ಸೋಂಕು ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಆ ಬಳಿಕದ ವರ್ಷಗಳಲ್ಲಿ ಕ್ಷೌರದ ಅಂಗಡಿಗಳಲ್ಲಿ ಪ್ರತಿಯೊಬ್ಬರಿಗೂ ಅರ್ಧ ಬ್ಲೇಡು ಬದಲಿಸುವ ಪದ್ಧತಿ ಬಳಕೆಗೆ ಬಂತು. ನೀವೂ ಕುರ್ಚಿಯ ಮೇಲೆ ಕುಳಿತಾಗ ಹೊಸ ಬ್ಲೇಡು ನಿಮ್ಮ ಕಣ್ಣೆದುರಿಗೆ ಹಾಕಿಸಿಕೊಳ್ಳಿರಿ. ಕೇಳಲು ಸಂಕೋಚ ಬೇಡ. ಒಳ್ಳೆಯ ಕ್ಷೌರಿಕ ಅದಕ್ಕೆ ಸಿಟ್ಟಾಗುವದಿಲ್ಲ. ಇಂಥ ಹಳೆಯ ಕತ್ತಿಯನ್ನು ಬಳಸುವದಾದರೆ ಒಬ್ಬನೇ ಬಳಸಬೇಕು. ಕೋಡಿನ ಹಿಡಿಯನ್ನು ಕುದಿಸಿ ಶುದ್ಧಮಾಡಲು ಬರುವದಿಲ್ಲ ಎಂಬುದು ನೆನಪಿರಲಿ. ನಾನು ಇದನ್ನು ಕ್ಷೌರಕ್ಕೆ ಬಳಸುವದಿಲ್ಲ, ಜೋಪಾನ ಮಾಡುತ್ತೇನೆ.

ಮಾಡಬಾರದ್ದನ್ನು ಮತ್ತೊಮ್ಮೆ ಹೇಳಿಬಿಡುತ್ತೇನೆ. ಕುದಿಸಬಾರದು, ನೆನೆಹಾಕಬಾರದು. ಒಗೆಯುವ ಸೋಡಾ, ಬ್ಲೀಚು ಮುಟ್ಟಿಸಬಾರದು. ಬಿಸಿಲಿಗೆ, ಒಲೆಯ ಹತ್ತಿರ ಇಡಬಾರದು. ಅತ್ತರು, ಊದಿನಕಡ್ಡಿಗಳಿಂದ ವಾಸನೆ ಮುಚ್ಚಲು ಹೋಗಬಾರದು. ಎರಡೂ ಸೇರಿ ಮೂರನೆಯದಾಗುತ್ತದೆ. ಡಾಂಬರ ಗುಳಿಗೆಯ ಜೊತೆ ಮುಚ್ಚಿಡಬಾರದು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಬಾರದು. ಒಳಗಿನ ತೇವ ಒಳಗೇ ಉಳಿಯುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ಗಾಳಿಗೆ ಹಿಡಿದರೆ ಸಾಕು.

ಮೂರು ವಾರದ ನಂತರ ಏನಾಯಿತು ಎಂದು ಕೇಳುವಿರಿ. ಕಮಟು ಹೋಯಿತು, ಮುಗ್ಗು ಹೋಯಿತು. ಎಲ್ಲ ಹೋಯಿತೆಂದು ಹೇಳಲಾರೆ. ಮೂಗಿಗೆ ಹತ್ತಿರ ಹಿಡಿದರೆ ಈಗಲೂ ತುಸು ಬರುತ್ತದೆ. ಅದು ಕೋಡಿನದೇ ಇರಬಹುದು. ಆದರೆ ನಾನು ಹುಡುಗನಾಗಿದ್ದಾಗ ಸಂಜೆ ಅಪ್ಪ ಊಟಕ್ಕೆ ಕುಳಿತರೆ ಅವರ ಕೈಯಿಂದ ಬರುತ್ತಿದ್ದ ವಾಸನೆ ಇದೇ ಎಂದು ಗುರುತು ಸಿಕ್ಕಿತು. ಸ್ಪಿರಿಟ್ಟಿನ ಬಾಟಲಿ ಕೈಯಲ್ಲಿತ್ತು. ಇನ್ನೊಂದು ಸಲ ಒರೆಸಿದರೆ ಅದೂ ಹೋಗುತ್ತಿತ್ತೇನೊ. ನಾನು ಬಾಟಲಿಗೆ ಮುಚ್ಚಳ ಹಾಕಿದೆ.

ಮರುವರ್ಷದ ಖಂಡೇಪೂಜೆಗೆ ನಮ್ಮ ಮನೆಯವರೇ ಕತ್ತಿಯನ್ನು ಮಣೆಯ ಮೇಲೆ ಇಟ್ಟು ಕುಂಕುಮ ಹಚ್ಚಿದರು. ಕೆಟ್ಟುಹೋದ ಚಿಕ್ಕದನ್ನೂ ಪಕ್ಕದಲ್ಲಿಟ್ಟೆವು. ಮಗಳು "ಇದು ಯಾರದು?" ಎಂದು ಕೇಳಿದಳು. ಅಜ್ಜನದು ಎಂದೆ. "ಅಜ್ಜ ಏನ ಮಾಡ್ತಿದ್ರು?" ಎಂದಳು. ಹೇಳಿದೆ. ಅವಳಿಗೆ ಅದು ದೊಡ್ಡ ವಿಷಯವೇ ಆಗಲಿಲ್ಲ. "ನನಗೂ ಹೆಂಗ ಮಸೀತಾರ ತೋರಸ್ರಿ" ಎಂದಳು. ಮರುವಾರ ಕಚೇರಿಯಲ್ಲಿ ಊಟದ ಹೊತ್ತಿಗೆ ಜೊತೆಯವರಿಗೂ ಹೇಳಿದೆ. ಒಬ್ಬರು ಸುಮ್ಮನಾದರು. ಇನ್ನೊಬ್ಬರು, ತಮ್ಮ ಅಜ್ಜ ಮಗ್ಗದ ಕೆಲಸದವರೆಂದೂ ಅವರ ಲಾಳಿಯೊಂದು ಮನೆಯಲ್ಲಿದೆಯೆಂದೂ ಹೇಳಿದರು. ಹತ್ತು ವರ್ಷ ಒಂದೇ ಮೇಜಿನಲ್ಲಿ ಕುಳಿತರೂ ನಮಗೆ ಪರಸ್ಪರ ಇದು ಗೊತ್ತಿರಲಿಲ್ಲ.

ಬಂಧುಗಳೆ, ನಾವು ಊರು ಬಿಟ್ಟು ಬರುವಾಗ ಬಹಳ ಸಾಮಾನು ತರಲಿಲ್ಲ. ತಂದದ್ದರಲ್ಲಿ ಏನಾದರೂ ನಾರುತ್ತಿದ್ದರೆ ಕೂಡಲೇ ಬಿಸುಡಬೇಡಿರಿ, ನನ್ನಂತೆ ಕುದಿಸಲೂ ಬೇಡಿರಿ. ಮೊದಲು ಅದು ಏನಿಂದ ಆದದ್ದು, ವಾಸನೆ ಎಲ್ಲಿಂದ ಬಂದದ್ದು ಎಂದು ನೋಡಿರಿ. ಮುಂದಿನ ರವಿವಾರ ಸಂಜೆಯೂ ನಾನು ಇಲ್ಲಿಯೇ ಇರುತ್ತೇನೆ. ಕೋಡಿನ ಹಿಡಿಯ ಕತ್ತಿ, ಬಾಚಣಿಗೆ ಏನಿದ್ದರೂ ತನ್ನಿರಿ. ಅಲಗಿಗೆ ಕಾಗದ ಕಟ್ಟಿ ತನ್ನಿರಿ. ಇಬ್ಬರೂ ಕುಳಿತು ನೋಡೋಣ. ಬಟ್ಟೆಯ ಪಟ್ಟಿಗಳನ್ನು ನಾನು ತರುತ್ತೇನೆ.